ಆಂಡಾಳಮ್ಮನ ಬೊಂಬೆ ಜಾಲ

ಮಲ್ಲೇಶ್ವರದ ಹದಿನೈದನೇ ಅಡ್ಡರಸ್ತೆಯಲ್ಲಿ ನಿಂತು ಆಂಡಾಳಮ್ಮನ ಮನೆ ಯಾವುದೆಂದು ಕೇಳಿ ನೋಡಿ. "ಕಂಪ್ಯೂಟರ್ ಮಾಮಿ ಮನೆನಾ?" ಎಂದು ಹೂವಿನವಳೇ ಗೇಟಿನ ತನಕ ಬಂದು ತೋರಿಸುತ್ತಾಳೆ. ಒಳಗೆ ಹೋದರೆ ದೇವರ ಮನೆಯ ಪಕ್ಕದ ಪುಟ್ಟ ಮೇಜಿನ ಕೆಳಗೆ ಒಂದು ಹಳೆಯ ಕಂಪ್ಯೂಟರ್ ಸದಾ ಗುಂಯ್ ಎನ್ನುತ್ತಿರುತ್ತದೆ. ಅದರ ನೆತ್ತಿಯ ಮೇಲೆ ಕೆಂಪು ಶಾಯಿಯಲ್ಲಿ ಬರೆದು ಅಂಟಿಸಿದ ಚೀಟಿ: "ಇದು ಸರ್ವರ್. ಯಾರೂ ಆರಿಸಕೂಡದು." ಅದರ ಕೆಳಗೆ ಸಣ್ಣಕ್ಷರದಲ್ಲಿ, "ನೀವೂ ಸೇರಿ."

ಈ "ನೀವು" ಬೇರೆ ಯಾರೂ ಅಲ್ಲ, ಆಕೆಯ ಯಜಮಾನರು ಬದರೀನಾರಾಯಣರು. ಒಂದು ನವರಾತ್ರಿಯಲ್ಲಿ ಬೊಂಬೆಗಳ ಪಾರ್ಕಿಗೆ ಸೀರಿಯಲ್ ಸೆಟ್ ಹಾಕಲು ಪ್ಲಗ್ಗು ಸಾಲದೆ ಅವರು ಕಂಪ್ಯೂಟರಿನ ಪ್ಲಗ್ಗನ್ನೇ ಕಿತ್ತಿದ್ದರು. ಅಂದು ಸಂಜೆ ಮಲ್ಲೇಶ್ವರದ ಅರ್ಧಕ್ಕರ್ಧ ಹೆಂಗಸರು ಯಾವ ಮನೆಗೆ ಹೋಗಬೇಕೆಂದು ತಿಳಿಯದೆ ಬೀದಿಯಲ್ಲಿ ನಿಂತಿದ್ದರು ಎಂದು ಆಂಡಾಳಮ್ಮ ಇಂದಿಗೂ ಹೇಳುತ್ತಾರೆ. ಅಷ್ಟೇನೂ ಇರಲಾರದು. ಆದರೆ ಆ ಮಾತನ್ನು ಅವರ ಮುಂದೆ ಆಡುವ ಎದೆಗಾರಿಕೆ ನಮ್ಮಲ್ಲಿ ಯಾರಿಗೂ ಇಲ್ಲ, ಬದರೀನಾರಾಯಣರಿಗಂತೂ ಮೊದಲೇ ಇಲ್ಲ.

ಆಂಡಾಳಮ್ಮ ಟೆಲಿಫೋನ್ ಇಲಾಖೆಯಲ್ಲಿ ಟ್ರಂಕ್ ಕಾಲ್ ಜೋಡಿಸುತ್ತಿದ್ದವರು. ಶಿವಮೊಗ್ಗದ ಅಣ್ಣನನ್ನು ಚಾಮರಾಜಪೇಟೆಯ ತಂಗಿಗೆ, ಮುಂಬಯಿಯ ಗಂಡನನ್ನು ಬಸವನಗುಡಿಯ ಹೆಂಡತಿಗೆ ಸೇರಿಸಿ ಕೊಟ್ಟವರು. ಎಸ್ಟಿಡಿ ಬಂದು ಆ ಕೆಲಸ ಹೋದ ಮೇಲೆ ಇಲಾಖೆ ಅವರನ್ನು ಬೇರೆ ಮೇಜಿಗೆ ಕೂರಿಸಿತು. ಅಲ್ಲಿ ಸೇರಿಸುವುದಕ್ಕೆ ಏನೂ ಇರಲಿಲ್ಲ, ಬೇಜಾರು ಹತ್ತಿತು. ಆಗ, ತೊಂಬತ್ತರ ದಶಕದ ಕೊನೆಯಲ್ಲಿ, ಸಂಪಿಗೆ ರಸ್ತೆಯ ಒಂದು ಮಹಡಿಯ ಮೇಲಿದ್ದ ಕಂಪ್ಯೂಟರ್ ಕ್ಲಾಸಿಗೆ ಸೇರಿಕೊಂಡರು. ಜೊತೆಗೆ ಬಾಲ್ಯದ ಗೆಳತಿ ಜಾನಕಮ್ಮನನ್ನೂ ಎಳೆದುಕೊಂಡು ಹೋದರು. ಜಾನಕಮ್ಮ ಹೋದದ್ದು ಕಲಿಯುವುದಕ್ಕಲ್ಲ. ಅಲ್ಲಿ ಏಸಿ ಇತ್ತು.

ಪಾಠ ಹೇಳುತ್ತಿದ್ದವಳು ಶಶಿ ಎಂಬ ಹುಡುಗಿ. ಅವಳು ಒಂದು ದಿನ ಕತೆಯಂತೆ ಹೇಳಿದಳು. ಜಿನೀವಾ ಊರಿನ ಹತ್ತಿರ ವಿಜ್ಞಾನಿಗಳದೊಂದು ದೊಡ್ಡ ಪ್ರಯೋಗಾಲಯವಿದೆಯಂತೆ. ದೇಶ ದೇಶದಿಂದ ಜನ ಬರುತ್ತಾರೆ, ಹೋಗುತ್ತಾರೆ. ಒಬ್ಬೊಬ್ಬರ ಹತ್ತಿರ ಒಂದೊಂದು ಥರದ ಕಂಪ್ಯೂಟರು. ಯಾರ ಹತ್ತಿರ ಏನಿದೆ ಎಂದು ಇನ್ನೊಬ್ಬರಿಗೆ ಗೊತ್ತಿಲ್ಲ. ಅಲ್ಲಿದ್ದ ಒಬ್ಬ ಇಂಗ್ಲಿಷಿನವನು ಯೋಚನೆ ಮಾಡಿದ: ಎಲ್ಲವನ್ನೂ ತಂದು ಒಂದೇ ಕಡೆ ಯಾಕೆ ಗುಡ್ಡೆ ಹಾಕಬೇಕು? ಯಾರದು ಎಲ್ಲಿದೆಯೋ ಅಲ್ಲೇ ಇರಲಿ. ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಒಂದು ಕೊಂಡಿ ಹಾಕಿಬಿಟ್ಟರಾಯಿತು. ಮೇಲಧಿಕಾರಿ ಅವನ ಅರ್ಜಿಯ ಮೇಲೆ "ಸರಿಯಾಗಿ ಅರ್ಥವಾಗಲಿಲ್ಲ, ಆದರೆ ಚೆನ್ನಾಗಿರುವ ಹಾಗಿದೆ" ಎಂಬರ್ಥದಲ್ಲಿ ಗೀಚಿದರಂತೆ. ಅವನು ತನ್ನ ಕಂಪ್ಯೂಟರಿನ ಮೇಲೆ, ಆರಿಸಬೇಡಿ ಎಂದು ಕೆಂಪು ಶಾಯಿಯಲ್ಲಿ ಬರೆದು ಅಂಟಿಸಿ ಕೆಲಸ ಶುರು ಮಾಡಿದ. ಕೆಲವು ವರ್ಷದ ಮೇಲೆ ಆ ಪ್ರಯೋಗಾಲಯ, ಇದು ಯಾರು ಬೇಕಾದರೂ ಬಳಸಬಹುದು, ಕಾಸು ಬೇಡ ಎಂದು ಸಾರಿಬಿಟ್ಟಿತು.

"ಹಾಗಾದ್ರೆ ಇಂಟರ್ನೆಟ್ ಬೇರೆ, ವೆಬ್ ಬೇರೆನಾ?" ಎಂದು ಆಂಡಾಳಮ್ಮ ಕೇಳಿದರು.

"ಇಂಟರ್ನೆಟ್ ಅಂದ್ರೆ ರಸ್ತೆ ಮೇಡಂ, ಅದು ಮುಂಚೇನೇ ಇತ್ತು. ಒಬ್ಬರ ಮನೆ ವಿಳಾಸ ಹೇಗೆ ಬರೀಬೇಕು, ಬಾಗಿಲು ತಟ್ಟಿ ಹೇಗೆ ಕೇಳ್ಬೇಕು, ಕೇಳಿದ್ದನ್ನ ಅವರು ಹೇಗೆ ತಂದು ಕೊಡಬೇಕು, ಈ ಪದ್ಧತಿ ಎಲ್ಲಾ ಮಾಡಿದ್ದು ವೆಬ್ಬು," ಎಂದಳು ಶಶಿ. "ಇನ್ನೊಬ್ಬರ ಪುಟಕ್ಕೆ ಕೊಂಡಿ ಹಾಕೋಕೆ ಅವರ ಅಪ್ಪಣೇನೂ ಬೇಡ. ಆದ್ರೆ ನೀವು ಹಾಕಿದೀರ ಅಂತ ಅವರೂ ನಿಮಗೆ ಹಾಕ್ಬೇಕು ಅಂತೇನಿಲ್ಲ. ಕೊಂಡಿ ಯಾವಾಗ್ಲೂ ಒಂದೇ ಕಡೆಗೆ."

ಏಸಿಯ ಕೆಳಗೆ ತೂಕಡಿಸುತ್ತಿದ್ದ ಜಾನಕಮ್ಮ ಕಣ್ಣು ಬಿಟ್ಟರು. "ಇದಕ್ಕೆ ಜಿನೀವಾಗೆ ಯಾಕೆ ಹೋಗ್ಬೇಕಿತ್ತೇ ಆಂಡಾಳು? ಇದು ನಮ್ಮ ಬೊಂಬೆ ನೋಡೋ ಪದ್ಧತಿ ಅಲ್ವೇನೇ!"

ಕ್ಲಾಸೆಲ್ಲ ನಕ್ಕಿತು. ಆಂಡಾಳಮ್ಮ ಮಾತ್ರ ನಗಲಿಲ್ಲ. ನವರಾತ್ರಿಯಲ್ಲಿ ಯಾರ ಮನೆಯಲ್ಲಿ ಬೊಂಬೆ ಕೂರಿಸಿದ್ದಾರೆಂದು ಯಾರೂ ಡಂಗುರ ಸಾರುವುದಿಲ್ಲ. ಒಂದು ಮನೆಗೆ ಹೋದರೆ ಅರಿಶಿನ ಕುಂಕುಮ ಕೊಟ್ಟು, ಗುಗ್ಗರಿ ಕೊಟ್ಟು, "ಮೂಲೆಮನೆಯದು ನೋಡಿದ್ರಾ?" ಎಂದು ಆ ಮನೆಯಾಕೆಯೇ ಮುಂದಿನ ಮನೆ ಹೇಳುತ್ತಾಳೆ. ಅದರಲ್ಲೂ ಜಾನಕಮ್ಮನದು ಒಂದು ಕೈ ಮೇಲು. ಗೇಟಿನಲ್ಲೇ ನಿಂತು, "ಅಯ್ಯೋ, ನಮ್ಮನೇದು ನೋಡಿದ್ದು ಸಾಕು ಕಣ್ರೇ. ಹಿಂದಿನ ಬೀದೀಲಿ ಹೊಸಬರು ಕೂರ್ಸಿದಾರೆ, ಪಾಪ ಯಾರೂ ಹೋಗಿಲ್ಲ, ಮೊದ್ಲು ಅಲ್ಲಿಗೆ ಹೋಗಿ," ಎಂದು ಬಂದವರನ್ನು ಅಟ್ಟುತ್ತಿದ್ದರು. ಮುಂದಿನ ಮನೆ ಹೇಳದೆ ಅವರು ಒಬ್ಬರನ್ನೂ ಕಳಿಸಿದ್ದಿಲ್ಲ.

ಹಾಗೆ ಹುಟ್ಟಿತು ಆಂಡಾಳಮ್ಮನ ಬೊಂಬೆ ಜಾಲ. ಮನೆಗೊಂದು ಪುಟ, ಅದರಲ್ಲಿ ಬೊಂಬೆಗಳ ಒಂದು ಫೋಟೋ, ವಿಳಾಸ, ಕೆಳಗೆ "ಮುಂದಿನ ಮನೆ" ಎಂದು ಮೂರು ಹೆಸರು. ಹೆಸರು ಒತ್ತಿದರೆ ಆ ಮನೆ. ಆ ಕಾಲಕ್ಕೆ ಕನ್ನಡ ಅಕ್ಷರ ಒಬ್ಬರ ಕಂಪ್ಯೂಟರಿನಲ್ಲಿ ಕಂಡರೆ ಇನ್ನೊಬ್ಬರದರಲ್ಲಿ ಕಾಗೆ ಕಾಲು ಗುಬ್ಬಿ ಕಾಲಾಗಿ ಕಾಣುತ್ತಿತ್ತು. ಅದಕ್ಕೆ ಆಂಡಾಳಮ್ಮ ಎಲ್ಲವನ್ನೂ ಕಾಗದದ ಮೇಲೆ ದುಂಡಗೆ ಬರೆದು, ಅದರ ಚಿತ್ರ ತೆಗೆದು ಹಾಕುತ್ತಿದ್ದರು. ಆಮೇಲೆ ಅಕ್ಷರದ ತೊಂದರೆ ಹೋಯಿತು, ಫೋಟೋಗಳು ದೊಡ್ಡದಾದವು. ಆದರೆ ನಿಯಮ ಬದಲಾಗಲಿಲ್ಲ. ಮೂರು ಹೆಸರು ಯಾವುದೆಂದು ಆ ಮನೆಯಾಕೆಯೇ ಹೇಳಬೇಕು, ಆಂಡಾಳಮ್ಮ ತಾವಾಗಿ ಒಂದನ್ನೂ ಸೇರಿಸರು. ಎಲ್ಲ ಮನೆಗಳನ್ನೂ ಒಟ್ಟಿಗೆ ತೋರಿಸುವ ಪಟ್ಟಿ ಇಲ್ಲ, ನಕ್ಷೆ ಇಲ್ಲ. ಹಾಗೆ ಕೇಳಿದವರಿಗೆ, "ಪಟ್ಟಿ ಬೇಕಿದ್ರೆ ವೋಟರ್ಸ್ ಲಿಸ್ಟ್ ನೋಡ್ಕೊಳ್ಳಿ," ಎಂಬ ಉತ್ತರ ಸಿದ್ಧವಾಗಿತ್ತು.

ಜಾನಕಮ್ಮ ಈಗಿಲ್ಲ. ಅವರ ಮನೆ ಮಾರಾಟವಾಗಿ ಅಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ. ಬೊಂಬೆ ನೋಡಲು ಬಂದವರು ವಾಚ್‌ಮನ್ನನ ಪ್ರಾಣ ತಿನ್ನಬಾರದೆಂದು ಆಂಡಾಳಮ್ಮ ಗೆಳತಿಯ ಪುಟ ತೆಗೆದುಹಾಕಿದರು. ಅದರ ಜಾಗದಲ್ಲಿ "ಈ ಮನೆಯಲ್ಲಿ ಈಗ ಬೊಂಬೆ ಕೂರಿಸುತ್ತಿಲ್ಲ" ಎಂದು ಒಂದು ಸಾಲು ಬರೆದು, ಅತ್ತು, ಎದ್ದುಹೋದರು. ಆಮೇಲೆ ಆ ಪುಟದ ತಂಟೆಗೇ ಹೋಗಿರಲಿಲ್ಲ. ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಗೆ ಮುಂಚೆ ಮನೆಮನೆಗೆ ಫೋನ್ ಮಾಡಿ, "ಮೂರು ಹೆಸರಲ್ಲಿ ಜಾನಕಮ್ಮನದೂ ಇದೆಯಲ್ಲಾ, ತೆಗೀಲಾ?" ಎಂದು ಕೇಳುತ್ತಿದ್ದರು. "ಇರ್ಲಿ ಬಿಡ್ರೀ, ಹೆಸರಾದ್ರೂ ಇರ್ಲಿ," ಎನ್ನುತ್ತಿದ್ದರು ಎಲ್ಲರೂ. ಆಂಡಾಳಮ್ಮನ ಸ್ವಂತ ಪುಟದಲ್ಲೂ ಆ ಹೆಸರು ಹಾಗೇ ಇತ್ತು.

ವಿಶಾಲಮ್ಮ ಪರಿಚಯವಾದದ್ದು ಇದೆಲ್ಲ ಆದ ಮೇಲೆ, ವೈಯಾಲಿಕಾವಲಿನ ಪಾರ್ಕಿನಲ್ಲಿ ಬೆಳಗಿನ ವಾಕಿಂಗ್ ಹೊತ್ತಿನಲ್ಲಿ. ಮಗ ಸ್ವರೂಪ್ ಸೈಟು ಮನೆ ವ್ಯವಹಾರದಲ್ಲಿ ಮೇಲೆ ಬಂದು ಈಚೆಗೆ ಅಲ್ಲೊಂದು ಮನೆ ಕೊಂಡಿದ್ದ. ವಿಶಾಲಮ್ಮ ಹುಟ್ಟಿ ಬೆಳೆದದ್ದು ಬಿನ್ನಿಪೇಟೆಯಲ್ಲಿ, ತಂದೆ ಅಲ್ಲಿನ ಬಟ್ಟೆ ಮಿಲ್ಲಿನ ಮಗ್ಗದ ಮುಂದೆ ನಿಂತು ಸವೆದವರು. ಗಣಪತಿ ಮಾಡುವುದನ್ನು ಹೇಳಿಕೊಡುವ ಶಿಬಿರವೊಂದರಲ್ಲಿ ಮಣ್ಣು ಮುಟ್ಟಿದ್ದೇ ತಡ, ಆಕೆಯ ಕೈ ಅದನ್ನು ಬಿಡಲಿಲ್ಲ. ವರ್ಷವೆಲ್ಲ ಕೂತು ಮಿಲ್ಲನ್ನೇ ಮಣ್ಣಿನಲ್ಲಿ ಮಾಡಿದ್ದರು: ದೊಡ್ಡ ಗೇಟು, ಸೈಕಲ್ ತಳ್ಳಿಕೊಂಡು ಬರುವ ಗಂಡಸರು, ಬುತ್ತಿ ಹಿಡಿದು ಗೇಟಿನ ಬಳಿ ಕಾಯುವ ಹೆಂಗಸರು, ಮಗ್ಗ, ನೂಲಿನ ಉಂಡೆ, ಬೀಡಿ ಸೇದುತ್ತ ಕೂತ ಮುದುಕ.

ಅದನ್ನು ನೋಡಲು ಆಂಡಾಳಮ್ಮ ನೆಲದ ಮೇಲೇ ಕೂತರು. "ಬೊಂಬೆ ಕೂರ್ಸಿ ವಿಶಾಲಮ್ಮ. ಇದನ್ನ ಬೀರೂಲಿ ಇಟ್ರೆ ಪಾಪ ಬರತ್ತೆ," ಎಂದರು.

"ನಮ್ಮ ಮನೇಲಿ ಆ ಪದ್ಧತಿ ಇಲ್ಲ ಕಣಮ್ಮ. ನಮ್ಮ ಓರಗಿತ್ತೀರು ಈಗ್ಲೇ ನಗ್ತಾವ್ರೆ, ಇಲ್ಲದ ಶೋಕಿ ನಿನಗ್ಯಾಕೆ ಅಂತ. ಪಟ್ಟದ ಗೊಂಬೆ ಬೇರೆ ತವರಿಂದ ಬರಬೇಕಂತೆ. ನಂಗೆ ಯಾವ ತವರು?"

ಆಂಡಾಳಮ್ಮ ಮರುದಿನವೇ ತಮ್ಮ ಅಟ್ಟದಿಂದ ರಾಜ ರಾಣಿಯರ ಒಂದು ಜೊತೆ ಪಟ್ಟದ ಗೊಂಬೆ ಇಳಿಸಿ, ರೇಷ್ಮೆ ತುಂಡು ಸುತ್ತಿ, ತೆಂಗಿನಕಾಯಿ ಸಮೇತ ತಂದುಕೊಟ್ಟರು. "ನಮ್ಮನೇನೇ ತವರು ಅಂದ್ಕೊಳ್ಳಿ. ಜಾಲದಲ್ಲಿ ಒಂದು ಪುಟ ಹಾಕ್ತೀನಿ. ಜನ ಬರ್ದೇ ಇದ್ರೆ ನನ್ನ ಕೇಳಿ," ಎಂದರು. ಮಾತು ಕೊಟ್ಟುಬಿಟ್ಟರು, ಹಿಂದೆ ಮುಂದೆ ನೋಡದೆ.

"ಸರಸ್ವತಿ ಪೂಜೆ ಹೊತ್ಗೆ ಒಬ್ಬರೂ ಬರ್ನಿಲ್ಲ ಅಂದ್ರೆ ಎಲ್ಲಾ ಕಟ್ಟಿಟ್ಬಿಡ್ತೀನಿ ಆಂಡಾಳಮ್ಮ. ಇನ್ನೊಂದ್ಸಲ ಮಣ್ಣು ಮುಟ್ಟಲ್ಲ," ಎಂದು ವಿಶಾಲಮ್ಮ ನಕ್ಕರು. ಅದು ನಗುವ ಮಾತಾಗಿರಲಿಲ್ಲ.

ನವರಾತ್ರಿಯ ಮೂರನೇ ಸಂಜೆ ಸ್ವರೂಪ್ ಬಂದ. ಜಗಲಿಯಲ್ಲೇ ನಿಂತು, "ಆಂಟಿ, ಅಮ್ಮ ಮೂರು ದಿನದಿಂದ ಕಡ್ಲೆಕಾಳು ನೆನ್ಸಿ ಗುಗ್ಗರಿ ಮಾಡಿ, ಕೊನೆಗೆ ನಾವೇ ತಿಂತಾ ಇದೀವಿ," ಎಂದ. "ಒಬ್ರೂ ಬಂದಿಲ್ಲ. ಮಧ್ಯಾಹ್ನ ಚಿಕ್ಕಮ್ಮ ಬಂದು ನೋಡಿ, ನಾನ್ ಹೇಳಿರ್ಲಿಲ್ವಾ ಅಂದ್ರು. ಅವಾಗಿಂದ ಅಮ್ಮ ಮಾತಾಡ್ತಿಲ್ಲ. ಒಂದು ಆಪ್ ಮಾಡಿಸ್ಬಿಡ್ಲಾ? ನಮ್ಮ ಹುಡುಗ್ರು ಇದಾರೆ."

"ಆಪೂ ಬೇಡ ಗೀಪೂ ಬೇಡ. ನಾನು ನೋಡ್ತೀನಿ, ನೀನು ಹೋಗಪ್ಪ," ಎಂದು ಅವನನ್ನು ಕಳಿಸಿದ ಆಂಡಾಳಮ್ಮ ನೇರ ಹೋಗಿ ನಿಂತದ್ದು ಗಂಡನ ಮುಂದೆ. "ರೀ, ಮತ್ತೆ ಪ್ಲಗ್ ಕಿತ್ರಾ?"

ಬದರೀನಾರಾಯಣರು ಬೊಂಬೆಗಳ ನಡುವಿನ ಕೃಷ್ಣನ ಕೊಳಕ್ಕೆ ನೀರು ತುಂಬುತ್ತಿದ್ದವರು ಚೊಂಬು ಹಿಡಿದೇ ಎದ್ದುನಿಂತರು. "ಆ ದೇವರಾಣೆಗೂ ಇಲ್ಲ ಕಣೇ. ಒಂದ್ಸಲ ಕಿತ್ತಿದ್ದಕ್ಕೆ ಎಷ್ಟು ವರ್ಷ ಅನುಭವಿಸ್ಲಿ?"

ಪ್ಲಗ್ಗು ಇದ್ದಲ್ಲೇ ಇತ್ತು. ವಿಶಾಲಮ್ಮನ ಪುಟವನ್ನು ಅದರ ವಿಳಾಸ ಟೈಪ್ ಮಾಡಿ ಕರೆದರೆ ತಕ್ಷಣ ಬಂದು ಕೂತಿತು, ಮಿಲ್ಲಿನ ಗೇಟಿನ ಸಮೇತ. ಹಾಗಾದರೆ ಜನ ಯಾಕಿಲ್ಲ? ಆಂಡಾಳಮ್ಮ ಕನ್ನಡಕ ಒರೆಸಿಕೊಂಡು, ಪರಸ್ಥಳದವಳು ಬೊಂಬೆ ನೋಡಲು ಹೊರಟ ಹಾಗೆ ತಮ್ಮ ಪುಟದಿಂದ ಶುರು ಮಾಡಿದರು. ಮೊದಲ ಹೆಸರು ಒತ್ತಿದರು. ಆ ಮನೆಯಿಂದ ಇನ್ನೊಂದು ಮನೆ, ಅಲ್ಲಿಂದ ಮತ್ತೊಂದು. ಎದುರುಮನೆ, ಹಿಂಬದಿ ಮನೆ, ಮಾರ್ಗೋಸಾ ರಸ್ತೆಯ ಮನೆ. ಕಾಫಿ ಆರಿ ಕೆನೆಗಟ್ಟಿತು. ಎಷ್ಟು ಸುತ್ತಿದರೂ ವಿಶಾಲಮ್ಮನ ಮನೆ ಬರಲಿಲ್ಲ.

ಆಗ ಹೊಳೆಯಿತು. ಪುಟವೇನೋ ಇತ್ತು, ಅದಕ್ಕೆ ಕೊಂಡಿಯೇ ಇರಲಿಲ್ಲ! ಈ ಸಲ ಫೋನ್ ಮಾಡಿದಾಗ ಎಲ್ಲರೂ "ಹೋದ ವರ್ಷದ್ದೇ ಇರ್ಲಿ" ಎಂದಿದ್ದರು. ಹೊಸಬರ ಹೆಸರು ಯಾರು ಹೇಳಬೇಕು, ಅವರನ್ನು ಯಾರೂ ನೋಡಿಯೇ ಇರಲಿಲ್ಲವಲ್ಲ? ಜಾಲ ತಾಣಗಳನ್ನು ಹುಡುಕಿಕೊಡುವ ಯಂತ್ರಗಳು ಕೂಡ ಹೀಗೇ ಕೊಂಡಿ ಹಿಡಿದು ಪುಟದಿಂದ ಪುಟಕ್ಕೆ ನಡೆಯುತ್ತವೆ. ಕೊಂಡಿ ಇಲ್ಲದ ಮನೆ ಅವುಗಳ ಕಣ್ಣಿಗೂ ಬಿದ್ದಿರಲಿಲ್ಲ. ವಿಶಾಲಮ್ಮ ದೀಪ ಹಚ್ಚಿಟ್ಟು, ಬಾಗಿಲು ತೆರೆದು ಕೂತಿದ್ದರು. ಆ ಬಾಗಿಲಿಗೆ ದಾರಿಯನ್ನೇ ಮಾಡಿರಲಿಲ್ಲ. ಜಾಲ ಕಟ್ಟಿದ ಗತ್ತಿನಲ್ಲಿ ಮಾತು ಕೊಟ್ಟು, ಇಷ್ಟು ಸಣ್ಣ ವಿಷಯ ಮರೆತೆನಲ್ಲ ಎಂದು ಆಂಡಾಳಮ್ಮನಿಗೆ ನಾಚಿಕೆಯಾಯಿತು.

"ಅಷ್ಟೇ ತಾನೇ? ನಾಲ್ಕು ಮನೆ ಪುಟದಲ್ಲಿ ವಿಶಾಲಮ್ಮನ ಹೆಸರು ತೂರಿಸ್ಬಿಡು. ಬೀಗದ ಕೈ ನಿನ್ನ ಹತ್ರಾನೇ ಇದೆ, ಯಾರು ನೋಡ್ತಾರೆ?" ಎಂದರು ಬದರೀನಾರಾಯಣರು.

"ಬೇರೆಯವರ ಬಾಯಲ್ಲಿ ನಾನು ಮಾತಾಡೋಕ್ಕಾಗತ್ತೇನ್ರೀ?"

"ಹಾಗಾದ್ರೆ ನಿನ್ನ ಪುಟದಲ್ಲೇ ಒಂದು ಹೆಸರು ತೆಗೆದು ಅವರದನ್ನ ಹಾಕು."

ತಮ್ಮ ಮೂರು ಹೆಸರುಗಳನ್ನು ಆಂಡಾಳಮ್ಮ ನೋಡಿದರು. ಎರಡು ಮನೆಯವರು ಬೊಂಬೆ ಕೂರಿಸಿಕೊಂಡು ಜನರಿಗಾಗಿ ಕಾಯುತ್ತಿದ್ದಾರೆ. ಮೂರನೆಯದು ಜಾನಕಮ್ಮ. ತೆಗೆಯಬೇಕಾದದ್ದು ಯಾವುದೆಂದು ಎಳೆ ಮಗುವೂ ಹೇಳೀತು. ಆದರೆ ಬೆರಳು ಏಳಲಿಲ್ಲ. ತೆಗೆಯುವ ಬದಲು ಆ ಹೆಸರನ್ನೇ ಒತ್ತಿದರು.

"ಈ ಮನೆಯಲ್ಲಿ ಈಗ ಬೊಂಬೆ ಕೂರಿಸುತ್ತಿಲ್ಲ."

ಅಷ್ಟೇ ಇತ್ತು. ಕೆಳಗೆ ಖಾಲಿ. ಇಡೀ ಜಾಲದಲ್ಲಿ ಮುಂದಿನ ಮನೆ ಹೇಳದ ಪುಟ ಅದೊಂದೇ, ಅದೂ ಜಾನಕಮ್ಮನ ಹೆಸರಿನಲ್ಲಿ! ಮಲ್ಲೇಶ್ವರದ ಹೆಚ್ಚುಕಡಿಮೆ ಎಲ್ಲ ಪುಟಗಳಿಂದಲೂ ಕೊಂಡಿ ಬರುತ್ತಿದ್ದದ್ದು ಇಲ್ಲಿಗೆ. ಗೊತ್ತಿಲ್ಲದ ಹೊಸಬರು ಒತ್ತುತ್ತಿದ್ದರು. ಗೊತ್ತಿದ್ದವರೂ ಆ ಹೆಸರು ಕಂಡಾಗ ಪ್ರೀತಿಗೆಂದು ಒಮ್ಮೆ ಒತ್ತುತ್ತಿದ್ದರು. ಅಷ್ಟು ಜನ ಗೇಟಿನ ತನಕ ಬಂದು, ಹೇಳುವವರಿಲ್ಲದೆ ಹಿಂದಕ್ಕೆ ಹೋಗುತ್ತಿದ್ದರು. ಜಾನಕಮ್ಮ ಇದ್ದಿದ್ದರೆ ಏನೆನ್ನುತ್ತಿದ್ದಳು? ಅದನ್ನು ಯೋಚಿಸುವ ಅಗತ್ಯವೇ ಇರಲಿಲ್ಲ. ಆ ದನಿ ಕಿವಿಯಲ್ಲಿ ಕೇಳುತ್ತಲೇ ಇತ್ತು. ಆಂಡಾಳಮ್ಮ ಕಣ್ಣೊರೆಸಿಕೊಂಡು ಟೈಪ್ ಮಾಡತೊಡಗಿದರು.

"ಅಯ್ಯೋ, ನಮ್ಮನೇದು ನೋಡಿದ್ದು ಸಾಕು ಕಣ್ರೇ. ವೈಯಾಲಿಕಾವಲಿನಲ್ಲಿ ವಿಶಾಲಮ್ಮ ಅಂತ ಹೊಸಬರು ಕೂರ್ಸಿದಾರೆ, ಪಾಪ ಯಾರೂ ಹೋಗಿಲ್ಲ, ಮೊದ್ಲು ಅಲ್ಲಿಗೆ ಹೋಗಿ. ಇತಿ, ಜಾನಕಮ್ಮ."

ವಿಶಾಲಮ್ಮನ ಹೆಸರಿಗೆ ಕೊಂಡಿ ಹಾಕಿದರು. ಬೇರೆ ಯಾರ ಪುಟವನ್ನೂ ಮುಟ್ಟಲಿಲ್ಲ, ಯಾರ ಹೆಸರನ್ನೂ ಅಳಿಸಲಿಲ್ಲ. ಹೆಗಲ ಮೇಲಿಂದ ಓದಿದ ಬದರೀನಾರಾಯಣರು ಹೋಗಿ ಬಿಸಿ ಕಾಫಿ ಮಾಡಿಕೊಂಡು ಬಂದರು.

ಮರುದಿನ ಬೆಳಗ್ಗೆಯೇ ಫೋನುಗಳು ಶುರುವಾದವು. "ಆಂಡಾಳಮ್ಮ, ಜಾನಕಮ್ಮನ ಪುಟದಲ್ಲಿ ಏನೋ ಬರೆದಿದೆಯಲ್ರೀ! ಓದಿ ಮೈ ಜುಮ್ ಅಂತು," ಎಂದು ಒಬ್ಬರು. "ಅವಳ ಹಾಗೇ ಇದೆ ಕಣ್ರೀ, ನನ್ನನ್ನೇ ಬೈದ ಹಾಗಿತ್ತು," ಎಂದು ಇನ್ನೊಬ್ಬರು. ಒಬ್ಬರು ಇನ್ನೊಬ್ಬರಿಗೆ ಹೇಳಿದರು, ಅವರು ಮತ್ತೊಬ್ಬರಿಗೆ.

ಅದರ ಮಾರನೆಯ ಸಂಜೆ ಆಂಡಾಳಮ್ಮ ತಮ್ಮ ಮನೆಯ ಕುಂಕುಮದ ಬಟ್ಟಲನ್ನು ಗಂಡನ ಸುಪರ್ದಿಗೆ ಬಿಟ್ಟು ಆಟೋ ಹತ್ತಿದರು. ವಿಶಾಲಮ್ಮನ ಮನೆಯ ಮುಂದೆ ಚಪ್ಪಲಿಗಳು ಮೆಟ್ಟಿಲು ದಾಟಿ ಬೀದಿಗೆ ಬಂದಿದ್ದವು. ಗುಗ್ಗರಿ ಖಾಲಿಯಾಗಿ, ಸ್ವರೂಪ್ ಅಂಗಡಿಯಿಂದ ಹುರಿಗಡಲೆ ಸಕ್ಕರೆ ತರಲು ಓಡುತ್ತಿದ್ದ. "ಆಂಟಿ, ಚಿಕ್ಕಮ್ಮನೇ ಎಲೆ ಅಡಿಕೆ ಹಂಚ್ತಿದಾರೆ!" ಎಂದು ಓಡುತ್ತಲೇ ಕೂಗಿದ.

ಒಳಗೆ ಮಿಲ್ಲಿನ ಗೇಟಿನ ಮುಂದೆ ಹೆಂಗಸರು ಮಂಡಿಯೂರಿ ಕೂತಿದ್ದರು. ಒಬ್ಬಾಕೆ ಬುತ್ತಿ ಹಿಡಿದ ಬೊಂಬೆಯನ್ನು ತೋರಿಸಿ, "ನಮ್ಮ ಅಜ್ಜೀನೂ ಹೀಗೇ ನಿಲ್ತಿದ್ರಂತೆ," ಎಂದು ಮಗಳಿಗೆ ಹೇಳುತ್ತಿದ್ದರು. ಬಾಗಿಲಲ್ಲಿ ವಿಶಾಲಮ್ಮ, ಹೊಸ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಹೊರಟವರನ್ನು ತಡೆದು ಹೇಳುತ್ತಿದ್ದರು: "ಇಲ್ಲೇ ಹಿಂದಿನ ಬೀದೀಲಿ ಯಶಶ್ರೀ ಅಂತ, ಬಾಡಿಗೆ ಮನೇಲಿ ಅವ್ಳೆ. ಕಿಟಕೀಲಿ ನಾಕೇ ನಾಕು ಗೊಂಬೆ ಇಟ್ಟವ್ಳೆ, ಪಾಪ ಯಾರೂ ಹೋಗಿಲ್ಲ. ಹಂಗೇ ಹೋಗಿ ಬನ್ರಮ್ಮ."

ಆಂಡಾಳಮ್ಮ ಹೊಸ್ತಿಲಲ್ಲೇ ನಿಂತುಬಿಟ್ಟರು.

ವಿಶಾಲಮ್ಮ ಅವರನ್ನು ಕಂಡು ಎರಡೂ ಕೈ ಹಿಡಿದುಕೊಂಡರು. ಮುಖವೆಲ್ಲ ನಗು. "ನೋಡಿದ್ರಾ ಆಂಡಾಳಮ್ಮ, ಏನ್ ಜನ! ಒಂದ್ ಮಾತ್ ಕೇಳ್ಬೇಕಿತ್ತು ನಿಮ್ಮನ್ನ. ಯಾರ್ ಕಳಿಸಿದ್ರು ಅಂದ್ರೆ ಎಲ್ರೂ ಜಾನಕಮ್ಮ ಜಾನಕಮ್ಮ ಅಂತಾರೆ. ಯಾರಮ್ಮ ಅವರು? ಊರೋರ್ನೆಲ್ಲಾ ಕಳಿಸ್ಕೊಟ್ರು, ಅವರೇ ಬರ್ನಿಲ್ಲ." ಒಳಗೆ ಹೋಗಿ ದೇವರ ಮುಂದಿನಿಂದ ಒಂದು ತಟ್ಟೆ ತಂದರು. ತೆಂಗಿನಕಾಯಿ, ರವಿಕೆ ಕಣ, ವೀಳ್ಯದೆಲೆ, ಜೊತೆಗೆ ಸೈಕಲ್ ಹಿಡಿದ ಒಂದು ಮಣ್ಣಿನ ಬೊಂಬೆ. "ಅವರಿಗೆ ಅಂತ ತೆಗ್ದಿಟ್ಟಿವ್ನಿ. ಒಂದ್ಸಲ ಕರ್ಕೊಂಡ್ ಬನ್ನಿ ಅವರ್ನ."

ಆಂಡಾಳಮ್ಮ ಬಾಯಿ ತೆರೆದರು. ಹೇಳಬೇಕಾದದ್ದು ಬಹಳವಿತ್ತು. ಅಷ್ಟರಲ್ಲಿ ಗೇಟಿನಲ್ಲಿ ಇನ್ನೊಂದು ಗುಂಪು, "ಇದೇನಾ ವಿಶಾಲಮ್ಮನ ಮನೆ? ಜಾನಕಮ್ಮ ಹೇಳಿದ್ರು," ಎನ್ನುತ್ತ ಚಪ್ಪಲಿ ಬಿಡುತ್ತಿತ್ತು.

ಆಂಡಾಳಮ್ಮ ಎರಡೂ ಕೈಯಲ್ಲಿ ಸೆರಗು ಒಡ್ಡಿದರು.

"ಅವಳ ತಾಂಬೂಲ ನನಗೇ ಕೊಡಿ ವಿಶಾಲಮ್ಮ. ನಮ್ಮಿಬ್ಬರದು ಬೇರೆಬೇರೆ ಅಲ್ಲ."